ಒತ್ತಿದಾಗ ಮಾತ್ರ

ಅಂಕೋಲೆ ದಾಟಿ, ಸುಂಕಸಾಳ ದಾಟಿ
ಅರಬೈಲ್ ಘಟ್ಟದ ಮೊದಲ ತಿರುವಿನವರೆಗೆ
ಏನೂ ಇಲ್ಲ.
ಎರಡನೇ ಗೇರಿಗೆ ಇಳಿಸಿ ಎಕ್ಸಲೇಟರ್ ಒತ್ತಿದೆನೋ,
ನನ್ನ ಕುಂಡೆಯಡಿಗೇ ಎಲ್ಲೋ
ಕಟರ್ ಕಟರ್ ಕಟರ್,
ಒಣ ಕೊಬ್ಬರಿ ಕಡಿಯುವ ಹೆಗ್ಗಣದ ಹಾಗೆ.
ಕಾಲು ತೆಗೆದರೆ ಸುಮ್ಮನೆ.
ಮತ್ತೆ ಒತ್ತಿದರೆ, ಇದ್ದೇನೆ ಅನ್ನುತ್ತದೆ.

ಯಲ್ಲಾಪುರದ ಪಂಪಿನವ, ಕಾರವಾರದ ಡೀಸೆಲ್ಲೇ ಸರಿಯಿಲ್ಲ ಅಂದ.
ಭಾವ ಬೇರಿಂಗ್ ಅಂದ. ಅವನಿಗೆ ಎಲ್ಲವೂ ಬೇರಿಂಗೇ,
ಅಕ್ಕನ ಮಂಡಿನೋವು ಕೂಡ.
ಮೀನು ಮಾರ್ಕೆಟ್ಟಿನ ತುಳಸು ಕಣ್ಣು ಬಿದ್ದಿದೆಯೆಂದು
ಬಂಪರಿಗೆ ನಿಂಬೆಹಣ್ಣು ಕಟ್ಟಿದಳು;
ಪುರ್ಸು ಅದನ್ನು ಸೋಡಾಕ್ಕೆ ಹಿಂಡಿಕೊಂಡ.
ದೊಡ್ಡ ವರ್ಕ್‌ಶಾಪಿನ ಹುಡುಗ ಖಾಲಿ ಗಾಡಿ ತೆಗೆದುಕೊಂಡು
ಕಡಲ ಬದಿಯ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು
ನಿನ್ನ ತಲೆಯೊಳಗಿದೆ, ಅಂದ.

ಇನಾಸಬಾಬನ ಶೆಡ್ಡು ಕೋಡಿಬಾಗದಲ್ಲಿ.
ಮೂವತ್ತು ವರ್ಷ ಬೋಟಿನ ಎಂಜಿನ್ ಕೋಣೆಯಲ್ಲಿ ಬೆಂದವ.
ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿ ಗುಡುಗಿನ ದಿನದ ರೇಡಿಯೋ.
ಕಿವುಡನ ಹತ್ತಿರ ಸದ್ದು ಒಯ್ಯುತ್ತೀಯಾ, ಅಂದಳು ಗುಲಾಬಿ,
ಕುರುಡನಿಗೆ ಸೀರೆಯ ಬಣ್ಣ ಕೇಳಿದ ಹಾಗೆ.

ಅವನು ಗಾಡಿ ಮುಟ್ಟಲಿಲ್ಲ. ಮೊದಲು ಕೇಳಿದ.
ನಿಂತಲ್ಲೇ ರೇಸ್ ಮಾಡಿದರೆ? ಇಲ್ಲ.
ಇಳಿಜಾರಿನಲ್ಲಿ? ಇಲ್ಲ.
ಖಾಲಿ ಇದ್ದಾಗ? ಬಂದ ಹಾಗೆ, ಬರದ ಹಾಗೆ.
ತಾರ್ಲೆ ತುಂಬಿದ ದಿನ?
ಬಾಬಾ, ಆ ದಿನ ಹಿಂದಿನ ಬಸ್ಸಿನವರಿಗೂ ಕೇಳುತ್ತದೆ.
ಹಾಗಾದರೆ ಇದು ತಿರುಗುವುದಲ್ಲ, ಅಂದ.
ಗಾಲಿಯದ್ದಾದರೆ ಇಳಿಯುವಾಗಲೂ ಗೊಣಗುತ್ತಿತ್ತು.
ಇದು ಹೊರುವುದು.

ಗಾಡಿ ಜಾರದಿರಲೆಂದು ಮಂಜುಗಡ್ಡೆಯ ಕ್ರೇಟು ಏರಿಸಿದೆವು,
ಗಾಲಿಗಳಿಗೆ ಚಿರೆಕಲ್ಲು ಕೊಟ್ಟೆವು.
ಹ್ಯಾಂಡ್‌ಬ್ರೇಕ್ ಎಳೆದು ನಾನು ಕೂತೆ.
ಅವನು ಪಕ್ಕದ ಸೀಟು ಎತ್ತಿದ,
ಇಸ್ವಾಣದ ಕಿವಿರು ಎತ್ತಿ ಕೆಂಪು ನೋಡುವವರ ಹಾಗೆ.
ಉದ್ದನೆಯ ಸ್ಕ್ರೂಡ್ರೈವರ್. ತುದಿ ಎಂಜಿನ್ನಿಗೆ,
ಹಿಡಿಕೆ ಕಿವಿಗಲ್ಲ,
ಹಲ್ಲಿಗೆ.
ಎರಡನೇ ಗೇರು, ಅರ್ಧ ಕ್ಲಚ್ಚು. ಒತ್ತು, ಅಂತ ಕಣ್ಣಲ್ಲೇ ಹೇಳಿ
ಕಣ್ಣು ಮುಚ್ಚಿಕೊಂಡ.

ಹೆಡ್ಡಿಗೆ ಇಟ್ಟ, ತಲೆಯಾಡಿಸಿದ.
ಗೇರ್‌ಬಾಕ್ಸಿಗೆ ಇಟ್ಟ, ಪಕ್ಕಕ್ಕೆ ಉಗಿದ,
ಆಯಿಲ್ ರುಚಿಗೋ, ಸಿಕ್ಕ ಉತ್ತರಕ್ಕೋ.
ಎಡಗಡೆಯ ಮೌಂಟಿನ ಬೋಲ್ಟಿಗೆ ತಾಗಿಸಿದ್ದೇ
ಇಡೀ ದವಡೆ ನಡುಗಿತು.
ಕೈ ಎತ್ತಿದ. ಬಿಡು. ಒತ್ತು. ಬಿಡು. ಒತ್ತು.
ಪ್ರತಿ ಒತ್ತಿಗೂ ಎಂಜಿನ್ನು
ಗಬ್ಬದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ
ಒಂದು ಬೆರಳಷ್ಟು ಎದ್ದು, ಚಾಸಿಗೆ ತಲೆ ಬಡಿದು
ಕಟರ್ ಕಟರ್.

ಬಂತು, ಬಂತು! ಪುರ್ಸು ಕುಣಿದ.
ನನಗೆ, ನಾಚಿಕೆಯ ಮಾತು, ಕಣ್ಣು ತುಂಬಿತು.
ಆರು ವಾರ ನನ್ನನ್ನು ಸುಳ್ಳುಗಾರ ಮಾಡಿದ್ದು
ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿತ್ತು.

ಬಿಚ್ಚಿ ಕೈಗೆ ಕೊಟ್ಟ.
ಎರಡು ತಗಡಿನ ನಡುವೆ ಅಂಗೈಯಷ್ಟು ರಬ್ಬರು.
ನೋಡಿದರೆ ಇಡಿಯಾಗಿದೆ, ಒಂದು ಗೀರೂ ಇಲ್ಲ.
ಎಳೆ, ಅಂದ.
ಎಳೆದೆ. ನಟ್ಟನಡುವೆ ತೆರೆದುಕೊಂಡಿತು ಕಿವಿರು,
ಒಳಗೆಲ್ಲ ಕಪ್ಪು.
ಬಿಟ್ಟೆ. ಮುಚ್ಚಿಕೊಂಡಿತು, ಏನೂ ಆಗದವರ ಹಾಗೆ.

ರಬ್ಬರಿಗೆ ಆರುನೂರ ನಲವತ್ತು. ಕೂಲಿ ಮುನ್ನೂರು.
ಕೇಳಿದ್ದಕ್ಕೆ ಎಷ್ಟು ಬಾಬಾ, ಅಂದೆ.
ಎಂತದು? ಅಂದ
ಬಲಗಿವಿ ಮುಂದೆ ಮಾಡಿ.

ಮರುದಿನ ಹುಬ್ಬಳ್ಳಿಗೆ ಬಂಗಡೆ.
ಮೊದಲ ತಿರುವಿನಲ್ಲಿ ಒತ್ತಿದೆ.
ಉಸಿರು ಬಿಗಿಹಿಡಿದು ಇನ್ನೂ ಒತ್ತಿದೆ.
ಹಿಂದೆ ಕರಗಿದ ಮಂಜು ತೊಟ್ಟಿಕ್ಕುವುದು ಕೇಳಿಸಿತು,
ಪುರ್ಸುವಿನ ಗೊರಕೆ ಕೇಳಿಸಿತು,
ಮೂರನೇ ತಿರುವಿನ ಮೇಲೆ ಯಾವುದೋ ಹಕ್ಕಿ.
ಯಲ್ಲಾಪುರದ ಪಂಪಿನವ ಕಿವಿಗೊಟ್ಟು ನಿಂತ.
ಸದ್ದು ಹೋಯ್ತಲ್ಲ, ನಾನು ಹೇಳಿರಲಿಲ್ಲವೇ ಡೀಸೆಲ್ ಅಂತ?
ಹೌದು ಮಾರಾಯ, ಅಂದೆ,
ಎರಡು ಸಾವಿರಕ್ಕೆ ಹಾಕು.