ಅಸ್ಸುಂತಾಳ ಮಗ

ಮುಳಗುಂದ ನಾಕಾದ ನಮ್ಮ ಗಾದಿ ಅಂಗಡಿಗೆ
ಬಾಗಿಲಿತ್ತು, ಚಿಲಕ ಇರಲಿಲ್ಲ.
ಅಜ್ಜ ಕಿತ್ತು ಒಗದಿದ್ದ.
ಕಳ್ಳರು ಬಂದ್ರ? ಅಂದ್ರ,
“ಬರ್ಲಿ. ಅರಳಿ ಹೊತಗೊಂಡು ಓಡೋ ಕಳ್ಳ
ನಾಕ ಹೆಜ್ಜಿಗೆ ಸೀನತಾನ.”

ದಾವಲಸಾಬ ನದಾಫ, ಸಿಪಾಯಿ,
ಉಸುಕಿನ ನಾಡಿನ್ಯಾಗ ಸೆರೆಸಿಕ್ಕು
ಹಡಗದ ಹೊಟ್ಟ್ಯಾಗ ಇಟಲಿಗೆ ಹೋದಾವ.
ಇಷ್ಟು, ಪೆನ್ಶನ್ನಿನ ಕಾಗದ ಹೇಳತೈತಿ.
ಉಳಿದದ್ದನ್ನ ಅರಳಿ ಹಿಂಜೋ ಹೊತ್ತಿಗೆ
ಬಿಲ್ಲಿನ ಟ್ವಂಯ್ ಟ್ವಂಯ್ ಸಪ್ಪಳದ ಸಂದ್ಯಾಗ
ಅಜ್ಜನ ಹೇಳತಿದ್ದ, ಅರ್ಧ ಕೇಳತಿತ್ತು.

ಒಂದ ಮುಂಜಾನೆ ಕಾವಲಿನವರು
ಗೇಟಿಗೆ ಕೀಲಿ ಹಾಕೋದು ಮರತ್ರಂತ.
ಮರತ್ರೋ, ತಮ್ಮ ರಾಜ ಸೋತ ಸುದ್ದಿ ಕೇಳಿ
ಕೀಲಿ ಒಗದು ಮನೀಗೆ ಓಡಿದ್ರೋ.
ಜರ್ಮನರು ಬರೋದ್ರಾಗ ಮೂವರು ಗುಡ್ಡ ಹತ್ತಿದ್ರು:
ಅಜ್ಜ, ಹಾನಗಲ್ಲಿನ ಗುದ್ಲೆಪ್ಪ, ಮತ್ತ
ಹೆಸರ ಕೇಳಿದ್ರ ಬರೇ ನಗೋ ಒಬ್ಬ ಗೂರ್ಖಾ.

ಎಷ್ಟ ದೂರ ನಡದಿ ಅಜ್ಜಾ?
“ಗದಗಿನಿಂದ ಹುಬ್ಬಳ್ಳಿಗೆ ಹೋಗು,
ತಿರುಗಿ ಬಾ, ಮತ್ತ ಹೋಗು,
ಹಂಗ ಐದ ಸಲ. ಆದ್ರ ಹುಬ್ಬಳ್ಳಿ ಬರಂಗಿಲ್ಲ.
ಕಪ್ಪತಗುಡ್ಡದ ಮ್ಯಾಲ ಕಪ್ಪತಗುಡ್ಡ,
ಅದರ ನೆತ್ತಿಮ್ಯಾಲ ಇನ್ನೊಂದು.”

ಹಿಮ?
“ಯಾರೋ ಮುಗಿಲಿನ ಗಾದಿ ಹರದು ಝಾಡಿಸಿಧಂಗ.
ಬೆಚ್ಚಗ ಇರತೈತಿ ಅಂತ ಕೈ ಹಾಕಿದೆ.
ಅರಳಿ ನನಗ ಸುಳ್ಳ ಹೇಳಿದ್ದು ಅದೊಂದ ಸಲ.”

ಗುದ್ಲೆಪ್ಪನ ಕಾಲಿನ ಮೂರು ಬೆರಳು ಅಲ್ಲೇ ಉಳದ್ವು.
ಗೂರ್ಖಾ ಒಂದ ಹೊಳಿ ದಾಟೋ ಮುಂದ…
ಇಲ್ಲಿ ಬಿಲ್ಲು ನಿಂದರತಿತ್ತು.
ಅಜ್ಜ ನೀರ ಕುಡದು ಬರತಿದ್ದ.

ಕೊಟ್ಟಿಗಿಯೊಳಗ ನಲವತ್ತ ದಿನ ಬಚ್ಚಿಟ್ಟಾಕಿ
ಅಸ್ಸುಂತಾ, ತಲಿಮ್ಯಾಲ ಕರೇ ಅರಿವಿ.
ಒಂದ ಸಂಜಿ ಪೋಟೋ ತಂದು ತೋರ್ಸಿದ್ಲು:
ಸಿಪಾಯಿ ಉಡುಪಿನ ಹುಡುಗ, ಎಳೇ ಮೀಸಿ.
“ಇಂದಿಯಾ” ಅಂದ್ಲು. “ಬಂಗಲೋರ” ಅಂದ್ಲು.
ಎರಡೂ ಮಣಿಕಟ್ಟು ಜೋಡಿಸಿ ತೋರ್ಸಿದ್ಲು.
ಆಮ್ಯಾಲ ಬೆರಳು ಕೂಡಿಸಿ ಬಾಯಿಗೆ ಒಯ್ದು
ಹುಬ್ಬ ಏರಿಸಿದ್ಲು:
ಅಲ್ಲಿ ಉಣ್ಣಾಕ ಕೊಡತಾರೇನು?

ಬೆಂಗಳೂರನ್ನ ಜಲಮದಾಗ ಕಂಡಿರದ ಅಜ್ಜ
ಗಾಳಿಯೊಳಗ ಒಂದು ರೊಟ್ಟಿ ಬಡದ,
ಪಟಾ ಪಟಾ, ಪರಾತದಷ್ಟು ಅಗಲ,
ಮ್ಯಾಲ ಬೆಣ್ಣಿ ಇಟ್ಟ, ಬಾಜೂಕ ಪುಂಡಿಪಲ್ಲೆ,
ಎರಡು ಹಸಿ ಉಳ್ಳಾಗಡ್ಡಿ ಗುದ್ದಿ ಇಟ್ಟ.
ಮುದುಕಿ ಬಾಯಿಗೆ ಅರಿವಿ ಹಿಡದು ನಕ್ಕಳು.
ಅವತ್ತ ರಾತ್ರಿ ತನ್ನ ಬ್ರೆಡ್ಡು ಮುರದು
ದೊಡ್ಡ ತುಂಡು ಈ ಕಡೆ ನೂಕಿದ್ಲು.
ಅಜ್ಜ ತಿಂದ. ಸುಳ್ಳಿಗೆ ಸಿಕ್ಕ ಕೂಲಿ ಅದು, ಅಂತಿದ್ದ.

ಕಡೀಕ ಬಿಳೇ ಅರಿವಿ ಬೀಸಿ
ತಮ್ಮವರ ಕಡೆ ಮುಟ್ಟಿದಾಗ
ಅವರು ಮೊದಲ ಕೇಳಿದ್ದು ನಂಬರು.

ಲಡಾಯಿ ಮುಗದ ಮರುವರ್ಷ ಸುದ್ದಿ ಬಂತು:
ಇಟಲಿ ಸೆರೆಯಾಳುಗಳ ರೈಲು ಹುಬ್ಬಳ್ಳಿ ಮ್ಯಾಲ ಹೋಗತೈತಿ.
ಅಜ್ಜಿ ಎರಡ ದಿನ ರೊಟ್ಟಿ ಬಡದ್ಲು, ಬೈಕೋತ.
ಪ್ಲಾಟ್‌ಫಾರ್ಮಿನ್ಯಾಗ ಗಂಟು ಹೊತ್ತು ನಿಂತಾಗ
ಅಜ್ಜಗ ನೆನಪಾತು:
ಆ ಹುಡುಗನ ಹೆಸರ ಕೇಳಿರಲಿಲ್ಲ.

ಅದಕ್ಕ ಅವ್ವನ ಹೆಸರ ಕೂಗಿದ.
“ಅಸ್ಸುಂತಾ! ಅಸ್ಸುಂತಾ!”
ಡಬ್ಬಿಯಿಂದ ಡಬ್ಬಿಗೆ ಓಡಿದ.
ಹೆಣ್ಣ ಹೆಸರಿಗೆ ಕಿಡಕಿ ತುಂಬ ತಲಿ ಬಂದ್ವು.
ಒಬ್ಬ ಎದಿ ಮುಟಗೊಂಡು “ಮಮ್ಮಾ” ಅಂದ.
ಮುಂದಿನ ಡಬ್ಬಿಯೊಳಗ ಇನ್ನೊಬ್ಬ.
ಅದರ ಮುಂದ ಇಬ್ಬರು, ಒಬ್ಬನ್ನೊಬ್ಬ ತಳ್ಳಿಕೋತ.

ಬರೇ ಅರಿವಿ ಝಾಡಿಸಿ ಮನೀಗೆ ಬಂದ.
ಅವನ ಸಿಕ್ಕನೇನು? ಅಂದ್ಲು ಅಜ್ಜಿ.
“ಹಸದಾವರೆಲ್ಲ ನಾನ ಅಂದ್ರು.
ನಾ ತಕರಾರ ಮಾಡ್ಲಿಲ್ಲ.”

ಗುದ್ಲೆಪ್ಪಜ್ಜ ವರ್ಷಾ ಕುಂಟಿಕೋತ ಬರತಿದ್ದ,
ಹಾನಗಲ್ಲಿನ ಮಾವಿನಹಣ್ಣು ಹೊತ್ತು.
ಇಬ್ಬರೂ ಲಡಾಯಿ ಮಾತ ತಗೀತಿರಲಿಲ್ಲ,
ಗೊಪ್ಪ ಬಿಳೇ ಆಗೂತನ ಚೀಪತಿದ್ರು.
ಮೂರನೇ ಹಣ್ಣು ಯಾರೂ ಮುಟ್ಟತಿರಲಿಲ್ಲ.

ಈಗ ಅಂಗಡಿ ನಂದು, ಬಿಲ್ಲು ಗ್ವಾಡಿಮ್ಯಾಲ.
ಸಾಲ ಕೊಟ್ಟ ಬ್ಯಾಂಕಿನವರು ಶಟರ್ ಹಾಕಿಸ್ಯಾರ.
ರಾತ್ರಿ ಎಳದಾಗ ಒಂದ ಗೇಣು ಬಿಡತೀನಿ.
ಬೆಕ್ಕು ಒಳಗ ಬಂದು
ಹೊಸಾ ಅರಳಿ ಮ್ಯಾಲ ಮರಿ ಹಾಕತೈತಿ.
ಗಿರಾಕಿ ಬೈತಾರ.