ನಮ್ಮೀ ಬೀಜ

ಕೂಪನ್ನಿಗೆ ಐದು ರೂಪಾಯಿ, ಮಕ್ಕಳಿಗೆ ಎರಡು.
ಹಳದಿ ಕಾಗದ, ಮೇಲೆ ಸಂಘದ ಮೊಹರು.
ಒತ್ತಿದವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ
ಲೆಕ್ಕದ ಪರೀಕ್ಷೆಗೆ ಎರಡು ಸಲ ಕೂತವಳು,
ಅದಕ್ಕೇ ಖಜಾಂಚಿ.

ಎಂಬತ್ತೆಂಟನೇ ಇಸವಿ, ಮಾರ್ಚಿ ತಿಂಗಳು, ಚಿಕ್ಕಮಗಳೂರು.
ಕ್ಯೂರಿಂಗ್ ವರ್ಕ್ಸಿನ ಹಿಂದಿನ ತಗಡಿನ ಶೆಡ್ಡು.
ಹೈಸ್ಕೂಲಿನಿಂದ ಕಡ ತಂದ ಆಫ್ರಿಕದ ಭೂಪಟ,
ಕೆಳತುದಿಯಲ್ಲಿ, ಸಮುದ್ರದ ಮಗ್ಗುಲಿಗೆ
ಬೆರಳಿಟ್ಟರು ಕಾರ್ಯದರ್ಶಿ ಬಸಪ್ಪಯ್ಯ:
'ಇದು ನಮೀಬಿಯಾ. ಇನ್ನೂ ಬಿಡುಗಡೆಯಾಗಿಲ್ಲ.'
'ಏನಂದ್ರಿ, ನಮ್ಮೀ ಬೀಜಾನಾ?' ಅಂದಳು ತಂಗಾಯಿ.
ನಕ್ಕೆವು. ಆಮೇಲೆ ಎಲ್ಲರ ಬಾಯಲ್ಲೂ ಅದೇ ನಿಂತಿತು.

ಬೀಜವೆಂದರೆ ನಮಗೆ
ಬೆಳಗ್ಗೆ ಎಂಟಕ್ಕೆ ಬಗ್ಗಿಸಿದ ಕತ್ತು, ಮುಂದೊಂದು ರಾಶಿ.
ಕರೀದು ತೆಗೆ, ಒಡಕು ತೆಗೆ, ಹುಳುಕು ತೆಗೆ.
ಉಳಿದದ್ದು ಹಡಗು ಹತ್ತುತ್ತದೆ.
ಹಡಗು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ,
ನಾವೂ ಕೇಳಿರಲಿಲ್ಲ.

ಬೋನಸ್ಸು ನಿಂತು ಹತ್ತು ತಿಂಗಳು.
'ನಮ್ಮ ಒಲೇಲಿ ಬೂದಿ,
ಪರದೇಸದೋರಿಗೆ ಕೆಂಡ ಕೊಡಾಕೆ ಹೊಂಟ್ರು'
ಎಂದು ಮೀಟಿಂಗಿನಲ್ಲಿ ಎದ್ದು ನಿಂತವಳು ದ್ಯಾವೀರಮ್ಮ.
ಯಾರೂ ಉತ್ತರ ಕೊಡಲಿಲ್ಲ. ನನಗೂ ಹೊಳೆಯಲಿಲ್ಲ.
ನಿಜ ಹೇಳಬೇಕೆಂದರೆ ಇವತ್ತಿಗೂ ಪೂರಾ ಹೊಳೆದಿಲ್ಲ.
ಭಾನುವಾರ ಅವಳೇ ಬಂದು ಸೌಟು ಕಿತ್ತುಕೊಂಡಳು:
'ನಿಮ್ಮ ಕೈಗೆ ಬಿಟ್ರೆ ಹುರುಳಿ ತಳ ಹಿಡಿತದೆ.'

ರಾಗಿಹಿಟ್ಟು ಇಪ್ಪತ್ತೆರಡು ಸೇರು. ಹುರುಳಿ ಆರು.
ಕೋಳಿ ಹದಿನಾಲ್ಕು
(ಎರಡು ಮೀರಾಬಿ ಕೊಟ್ಟದ್ದು, ಹಣ ಮುಟ್ಟಲಿಲ್ಲ).
ಸೌದೆ ಸಾಲ.

ಮೈಸೂರಿನ ಬಸ್ಸಿಳಿದು ಬಂದ ಹುಡುಗ,
ಓದಲು ಬಂದವನು, ಊರು ಬಿಟ್ಟು ಒಂಬತ್ತು ವರ್ಷ.
ಹೆಸರು ಇಸಾಕ್.
ಇಸ್ತ್ರಿ ಹಾಕಿದ ಅಂಗಿ, ಸವೆದ ಕಾಲರು.
ಅವನಿಗೆಂದೇ ಬೇಕರಿಯ ಬ್ರೆಡ್ಡು ತಂದಿದ್ದೆವು,
ಲೂರ್ದಮ್ಮನ ಮನೆಯಿಂದ ಒಂದು ಚಮಚ.
ಎರಡನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿ
ಮುದ್ದೆ ಮುರಿದ,
ಹೆಬ್ಬೆರಳಲ್ಲಿ ಗುಳಿ ಮಾಡಿ ಸಾರಿಗದ್ದಿ
ಕಣ್ಣು ಮುಚ್ಚಿದ.
ಖಾರವಾಯಿತೇನೋ ಎಂದು ನೀರು ಕೊಟ್ಟೆವು.
ಖಾರವಲ್ಲ. ಅವರಲ್ಲಿ ಸಜ್ಜೆ ಹಿಟ್ಟಂತೆ,
ಹೀಗೇ ಕೋಲಿನಲ್ಲಿ ತಿರುವುತ್ತಾರಂತೆ.
ತಾಯಿಯ ಕಾಗದ ಬಂದು ಮೂರು ವರ್ಷವಾಯಿತಂತೆ.
ದ್ಯಾವೀರಮ್ಮ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟಳು.

ಭಾಷಣ ಉದ್ದ. ಮಕ್ಕಳು ಜಮಖಾನದ ಮೇಲೇ ನಿದ್ದೆ.
ಕೊನೆಗೆ ಅವನು ಕೇಳಿದ, ನೀವು ಮಾಡುವ ಕೆಲಸ ಯಾವುದು?
ತಂಗಾಯಿ ಕೈ ಮುಂದೆ ಚಾಚಿ, ಬೆರಳು ಆಡಿಸಿ ತೋರಿಸಿದಳು:
'ಬೀಜ ಆರಿಸ್ತೀವಿ. ಕರೀದೆಲ್ಲ ತೆಗೆದು ಬಿಸಾಕ್ತೀವಿ.'
ಬಸಪ್ಪಯ್ಯ ಬಾಯಿ ತೆರೆದರು, ಮುಚ್ಚಿದರು,
ಇಂಗ್ಲಿಷಿನಲ್ಲಿ ಏನೋ ಹೇಳಿದರು.
ಏನು ಹೇಳಿದರೋ.
ಇಸಾಕ್ ನಮ್ಮ ಮುಖ ನೋಡಿ ತಲೆಯಾಡಿಸಿದ.
ಮರುದಿನ ರಾಶಿಯ ಮುಂದೆ
ನನ್ನ ಕೈ ಒಂದು ಗಳಿಗೆ ನಿಂತಿತು.
ಮೇಸ್ತ್ರಿ ಕೂಗಿದ. ಮತ್ತೆ ಓಡಿತು.

ಉಳಿಕೆ: ಸಾವಿರದ ನೂರ ಹದಿಮೂರು ರೂಪಾಯಿ ನಲವತ್ತು ಪೈಸೆ.
ಎಂಟು ರೂಪಾಯಿ ತಾಳೆಯಾಗದೆ ನನ್ನದು ಹಾಕಿದೆ.
ಡ್ರಾಫ್ಟು ಬರೆಯುವಾಗ ಬ್ಯಾಂಕಿನ ಗುಮಾಸ್ತ
ಕನ್ನಡಕ ಮೂಗಿನ ತುದಿಗಿಳಿಸಿ ಕೇಳಿದ,
'ಅಲ್ಲಿ ನಿಮ್ಮ ನೆಂಟರು ಇದ್ದಾರೇನಮ್ಮ?'
ಹೂಂ ಅಂದೆ.
ಸುಳ್ಳು ಬಾಯಿಗೆ ಬಂದದ್ದು ಹೇಗೋ ಗೊತ್ತಿಲ್ಲ.
ರಸೀದಿ ಬಂತು, ಇಟ್ಟ ಜಾಗ ಮರೆತೆ.
ಪಾತ್ರೆ ಅಂಗಡಿಯ ಒಂದು ತಪ್ಪಲೆ ಇನ್ನೂ ನಮ್ಮಲ್ಲೇ ಇದೆ.

ಎರಡು ವರ್ಷಕ್ಕೆ ಮತ್ತೆ ಮಾರ್ಚಿ.
ಗೇಟಿನ ಕಾವಲುಗಾರನ ರೇಡಿಯೋ ಕೇಳಿ ಓಡಿ ಬಂದು ಹೇಳಿದೆ.
ರಾಶಿಯಿಂದ ರಾಶಿಗೆ ಮಾತು ದಾಟಿತು.
ಯಾರೋ ಶಿಳ್ಳೆ ಹಾಕಿದರು, ಹೆಂಗಸರೇ.
ದ್ಯಾವೀರಮ್ಮ ತಲೆಯೆತ್ತಲಿಲ್ಲ,
ಬೆರಳು ನಿಲ್ಲಿಸಲಿಲ್ಲ:
'ನಮ್ಮೀ ಬೀಜ ಬಿಡುಗಡೆ ಆಯ್ತಾ? ಆಗ್ಲಿ, ಒಳ್ಳೇದಾಯ್ತು.
ಈಗ ಬಸಪ್ಪಯ್ಯನ್ನ ಕರೀರಿ.
ಬೋನಸ್ಸಿನ ಮಾತು ಎಲ್ಲಿಗೆ ಬಂತು ಅಂತ ಕೇಳಾಣ.'