ಒತ್ತಿದರೆ ಮುಚ್ಚುವ ವಾಲ್ವು

ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನ ಮಾಳಿಗೆ ಮೇಲೆ
ಶ್ರವಣದ ಕೆಳಗೆ ಒಂದು ಚುಕ್ಕಿ ಹಿಡಿದು ಕೂತಿದ್ದೇನೆ.
ಏಳು ದಿನ, ಮೇಲೆ ನಾಲ್ಕು ತಾಸು:
ಸಂತೆಯ ಹಾಗೆ ವಾರಕ್ಕೊಮ್ಮೆ ನೆರೆದು
ಪ್ರತಿ ಸಲ ನಾಲ್ಕು ತಾಸು ತಡವಾಗುವ ಬೆಳಕು.
ಏರುವಾಗ ಅವಸರ, ಇಳಿಯುವಾಗ ಸಾವಕಾಶ,
ಇಳಿಜಾರಿನ ನಡುವೆ ಒಂದು ಸಣ್ಣ ಗಂಟು,
ಮರೆತ ಚೀಲಕ್ಕೆ ಹಿಂತಿರುಗಿ ನೋಡಿದ ಹಾಗೆ.

ಪಕ್ಕದಲ್ಲಿ ಗೈಬುಸಾಬ ಲೋಹಾರ.
ಬಾಯ್ಲರ್ ಶಾಪಿನಲ್ಲಿ ಮೂವತ್ತೊಂದು ವರ್ಷ ರಿವೆಟ್ ಬಡಿದು
ಕಿವಿ ಅಲ್ಲೇ ಬಿಟ್ಟು ಬಂದವರು.
ಹೇಳಬೇಕಾದ್ದನ್ನೆಲ್ಲ ಬರೆದು ತೋರಿಸಬೇಕು.
ಹಾಗಾಗಿ ನನ್ನ ನಕ್ಷತ್ರದ ವಹಿಯಲ್ಲಿ
ತಾರೀಕು, ತಾಸು, ಬೆಳಕಿನ ಅಂದಾಜು,
ಅದರ ಮಗ್ಗುಲಿಗೇ 'ಚಹಾ ಆರತೈತಿ, ಕುಡೀರಿ.'

"ಯಾಕ ಉಬ್ಬತೈತಿ ಇದು?"
ಕೇಳಿದರು, ಓಣಿಗೆಲ್ಲ ಕೇಳುವಂತೆ.
ಬರೆದೆ: ಮೈಯೊಳಗೆ ಹೀಲಿಯಂನ ಒಂದು ಪದರ.
ಮೇಲಿನ ಭಾರ ಕುಸಿದು ಹಿಂಡಿದಾಗ
ಅದು ಮಬ್ಬಾಗುತ್ತದೆ, ಒಳಗಿನ ಕಾವನ್ನು ಬಿಟ್ಟುಕೊಡುವುದಿಲ್ಲ.
ಕಾವು ಕೂಡಿ, ಒತ್ತಡ ಕೂಡಿ, ಮೈ ಉಬ್ಬಿ,
ಉಬ್ಬಿದಾಗ ಪದರ ತಿಳಿಯಾಗಿ
ಕಾವೆಲ್ಲ ಸೋರಿ, ಮತ್ತೆ ಕುಸಿತ.

ಓದಿ, ಕನ್ನಡಕ ತೆಗೆದು, ಸಿಟ್ಟಿಗೆದ್ದರು:
"ಒತ್ತಿದ್ರ ತೆರೀಬೇಕು ವಾಲ್ವು. ಒತ್ತಿದ್ರ ಮುಚ್ಚತೈತಂದ್ರ
ಸ್ಪ್ರಿಂಗ್ ಉಲ್ಟಾ ಹಾಕ್ಯಾನ ಯಾವನೋ.
ನಮ್ಮ ಶಾಪಿಗೆ ಇಂಥಾದ್ದು ಬಂದಿದ್ರ
ಕೆಂಪ್ ಖಡೂಲೆ ಕಾಟು ಹಾಕಿ ತಿರುಗಿ ಕಳಸ್ತಿದ್ದೆ."
ಸ್ವಲ್ಪ ಹೊತ್ತು ಬಿಟ್ಟು, ತಮಗೆ ತಾವೇ:
"ಹಾಂ. ಸರಿಯಾಗಿ ಕೂಡಿಸಿದ್ರ ಸುಮ್ನ ಉರೀತಿತ್ತು."

ಸುಮ್ಮನೆ ಉರಿದಿತ್ತು ಅದು, ಕೋಟ್ಯಂತರ ವರ್ಷ.
ಒಡಲಿನ ಜಲಜನಕ ತೀರಿ, ಹಿಗ್ಗಿ, ಕೆಂಪಾಗಿ,
ಹೀಲಿಯಂ ಹೊತ್ತಿಸಿಕೊಂಡು ಹಳದಿಗೆ ಮರಳುವಾಗ
ದಾರಿಯಲ್ಲಿ ಸಿಕ್ಕಿದ್ದು ಈ ಇಕ್ಕಟ್ಟಿನ ಪಟ್ಟಿ.
ಅದನ್ನು ದಾಟುವಷ್ಟು ಹೊತ್ತು ಮಾತ್ರ ಏದುಸಿರು.
ಈಚೆ ಇರಲಿಲ್ಲ, ಆಚೆ ಇರುವುದಿಲ್ಲ.
ದಾಟುತ್ತಿದೆ ಎಂಬುದಕ್ಕೆ ಸಾಕ್ಷಿ ಇಷ್ಟೇ:
ಸುತ್ತಿನಿಂದ ಸುತ್ತಿಗೆ, ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ,
ಉದ್ದವಾಗುತ್ತಿರುವ ಆ ನಾಲ್ಕು ತಾಸು.

ಇನ್ನೊಂದು ಬರೆಯುವುದಿತ್ತು, ಕೈ ತಡೆಯಿತು.
ಕೊನೆಗೆ ಬರೆದೆ: ಮೈ ಆರು ಸಾವಿರ ಡಿಗ್ರಿ;
ಅದರ ಮೇಲಿನ ತೆಳು ಗಾಳಿ, ಲಕ್ಷ ದಾಟಿದ್ದು.
"ಒಲಿಗಿಂತ ಹೊಗಿ ಸುಡತೈತೇನು?" ನಕ್ಕರು.
ಆಮೇಲೆ ನಗು ನಿಂತಿತು. ಬಟ್ಟೆ ಒಣಗಿಸುವ ಹಗ್ಗದ
ಜೋತ ತುದಿ ಹಿಡಿದು ಗಾಳಿಯಲ್ಲಿ ಒಮ್ಮೆ ಝಾಡಿಸಿದರು.
"ನಮ್ಮಪ್ಪ ಬಂಡಿಗಾಲಿಗೆ ಪಟ್ಟಾ ಏರಸಾಂವ, ನವಲಗುಂದದಾಗ.
ಬಂಡಿ ಹೊಡಿಯೋರ ಬಾರುಕೋಲು ನೋಡೀನಿ ನಾ.
ಕೈ ಎಷ್ಟ ಸಾವಕಾಶ ತಿರುಗಲಿ,
ತುದಿ ಸಿಡದ ಸಿಡೀತೈತಿ.
ಅಲ್ಲೆ ತೊಗಲು ಸಣ್ಣ ಅದಕ್ಕ."

ಅದೇ, ಎಂದು ಬರೆದೆ. ಎರಡು ಗೆರೆ ಎಳೆದೆ ಕೆಳಗೆ.
ದಪ್ಪ ಒಡಲಲ್ಲಿ ಹುಟ್ಟಿದ ದನಿ
ತೆಳುವಿಗೆ ಏರಿದಂತೆ ಹೊರೆ ಕಡಿಮೆ, ಓಟ ಹೆಚ್ಚು,
ಕಡಿದಾಗಿ, ತನ್ನ ಮೇಲೆ ತಾನೇ ಮಗುಚಿ ಒಡೆಯುತ್ತದೆ.
ಒಡೆದ ದನಿ ಕೇಳಿಸುವುದಿಲ್ಲ.
ಕಾವಾಗುತ್ತದೆ.

ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು.
ಟೇಶನ್ ಕಡೆ ಒಂದು ಗೂಡ್ಸ್ ಗಾಡಿ ಹೊರಟಿತು;
ನಾನು ಕೇಳಿದೆ, ಅವರು ಮಾಳಿಗೆಯ ಗೋಡೆಗೆ ಕೈಯಿಟ್ಟು ತಿಳಿದರು.
ಆಮೇಲೆ ಎರಡೂ ಅಂಗೈ ಕಿವಿಗಳಿಗೆ ಒತ್ತಿ ಹಿಡಿದರು,
ಕೂಸಿನ ಜ್ವರ ನೋಡುವವರಂತೆ.
ಏನು ಸಿಕ್ಕಿತೋ, ಹೇಳಲಿಲ್ಲ.

ಮರುವಾರ ನನಗೆ ರಾತ್ರಿ ಪಾಳಿ. ವಹಿ ಅವರ ಬಳಿ ಇತ್ತು.
ಪೆನ್ಸಿಲ್ ಒತ್ತಿ ಒತ್ತಿ ಬರೆದ ಅಕ್ಷರ, ಹಿಂದಿನ ಹಾಳೆಗೂ ಮೂಡಿದೆ:
"ನವೆಂಬರ ಒಂಬತ್ತು. ಏಳೂವರಿ. ಮೋಡ.
ಚುಕ್ಕಿ ಕಾಣಲಿಲ್ಲ.
ನಡದಿರಬೇಕು, ಒಳಗ."